ಬಾಟಲ್ ಕೆಳಗಿರಲಿ, ರೋಗಿ ಎದ್ದು ಕೂರಲಿ

ಎದೆಗೆ ಪೆಟ್ಟು ಬಿದ್ದು ಶ್ವಾಸಕೋಶ ಕುಗ್ಗಿದವರನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ನಾನು ನರ್ಸ್. ಕೆಲಸ ಶುರು ಮಾಡಿದ್ದು ಮಂಡ್ಯದಲ್ಲಿ, ಈಗ ಇರುವುದು ಮೈಸೂರಿನಲ್ಲಿ. ಇದನ್ನು ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಳ್ಳುತ್ತಿದ್ದೆ. ಎದೆಯೊಳಗೆ ಸೋರಿದ ಗಾಳಿ, ರಕ್ತ ಹೊರಗೆ ಬರಲಿ ಅಂತ ಪಕ್ಕೆಗೆ ಪೈಪ್ ಹಾಕಿದ ತಕ್ಷಣ ಮನೆಯವರು "ಸದ್ಯ, ಗಂಡಾಂತರ ಕಳೀತು" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಸಹಜ. ಆದರೆ ಚಿಕಿತ್ಸೆಯ ಉದ್ದದ ಭಾಗ ಶುರುವಾಗುವುದೇ ಅಲ್ಲಿಂದ. ಆ ಭಾಗದಲ್ಲಿ ರೋಗಿಗೂ, ಮಂಚದ ಪಕ್ಕ ಕೂತ ಹೆಂಡತಿಗೂ, ಮಗನಿಗೂ ತುಂಬ ಕೆಲಸವಿದೆ. ಅದನ್ನು ಅವರಿಗೆ ಯಾರೂ ಕೂತು ಹೇಳುವುದಿಲ್ಲ.

ನಮ್ಮ ಕಡೆ ಈ ಪೆಟ್ಟು ನಾನಾ ದಾರಿಯಲ್ಲಿ ಬರುತ್ತದೆ. ತೆಂಗಿನ ಮರದಿಂದ ಬಿದ್ದವರು, ಟ್ರ್ಯಾಕ್ಟರ್ ಮಗುಚಿ ಸ್ಟೇರಿಂಗ್ ಎದೆಗೆ ಒತ್ತಿದವರು, ಕಬ್ಬಿನ ಲೋಡಿನ ಮೇಲಿಂದ ಜಾರಿದವರು, ಹಾಲು ಕರೆಯುವಾಗ ಹಸುವಿನಿಂದ ಒದೆಸಿಕೊಂಡವರು. ಮತ್ತೆ ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅವೆಲ್ಲ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿಯೂ ಬೈಕಿನ ಹ್ಯಾಂಡಲ್ ಎದೆಗೆ ಬಡಿಯುತ್ತದೆ. ಕಾರಿನಲ್ಲಿ ಬೆಲ್ಟ್ ಹಾಕದವರ ಎದೆ ಸ್ಟೇರಿಂಗಿಗೆ ಬಡಿಯುತ್ತದೆ.

ಇವರಲ್ಲಿ ಎಷ್ಟೋ ಜನರ ಮೈಮೇಲೆ ಒಂದು ತೊಟ್ಟು ರಕ್ತ ಇರುವುದಿಲ್ಲ. ಬಿದ್ದಲ್ಲಿಂದ ಎದ್ದು, ಪಂಚೆ ಕೊಡವಿಕೊಂಡು, "ಏನೂ ಆಗಿಲ್ಲ ಬುಡಿ" ಅಂದಿರುತ್ತಾರೆ. ಮನೆಗೆ ಹೋಗಿ ಎಣ್ಣೆ ಹಚ್ಚಿ ನೀವಿಸಿಕೊಂಡಿರುತ್ತಾರೆ. ಕೆಲವರು ಮೂಳೆ ಕಟ್ಟುವವರ ಹತ್ತಿರ ಹೋಗಿ ಎದೆ ಸುತ್ತ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡಿರುತ್ತಾರೆ. ರಾತ್ರಿ ಹೊತ್ತಿಗೆ ಉಸಿರು ಎಳೆದರೆ ಚುಚ್ಚುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಆಗ ಹೊರಡುತ್ತಾರೆ.

ಒಳಗೆ ಆಗಿರುವುದು ಇಷ್ಟು. ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು ತೆಳು ಪೊರೆ. ನಡುವೆ ಗಾಳಿಗೆ ಜಾಗವಿಲ್ಲ. ಸ್ವಲ್ಪ ದ್ರವ ಮಾತ್ರ ಇರುತ್ತದೆ, ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಇರುತ್ತದೆ. ಆ ಎಳೆತದಿಂದಲೇ ಶ್ವಾಸಕೋಶ ಅರಳಿಕೊಂಡು ಎದೆಗೋಡೆಗೆ ಅಂಟಿರುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಅದು ಕುಗ್ಗುವ ಅಂಗ. ಮುರಿದ ಪಕ್ಕೆಲುಬಿನ ತುದಿ ಅದನ್ನು ಚುಚ್ಚಿದರೆ ಒಳಗಿನ ಗಾಳಿ ಎರಡು ಪೊರೆಗಳ ನಡುವೆ ಸೋರುತ್ತದೆ. ಎಳೆತ ಹೋಗುತ್ತದೆ, ಶ್ವಾಸಕೋಶ ಮುದುಡುತ್ತದೆ. ಡಾಕ್ಟರುಗಳು ಇದನ್ನು ನ್ಯೂಮೋಥೊರಾಕ್ಸ್ ಅನ್ನುತ್ತಾರೆ. ಗಾಳಿಯ ಜೊತೆ ರಕ್ತವೂ ಸೇರಿದರೆ ಹೀಮೋನ್ಯೂಮೋಥೊರಾಕ್ಸ್. ಪಕ್ಕೆಲುಬು ಮುರಿಯದೆಯೂ ಇದು ಆಗಬಹುದು. ಪೆಟ್ಟು ಬೀಳುವ ಕ್ಷಣದಲ್ಲಿ ಉಸಿರು ಬಿಗಿಹಿಡಿದಿದ್ದರೆ ಒಳಗಿನ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶವೇ ಬಿರಿಯುತ್ತದೆ. ಮಕ್ಕಳ ಪಕ್ಕೆಲುಬು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಹಾಗಾಗಿ "ಮೂಳೆ ಮುರಿದಿಲ್ಲವಲ್ಲ" ಅನ್ನುವ ಸಮಾಧಾನ ಮಕ್ಕಳ ವಿಷಯದಲ್ಲಿ ಬೇಡ.

ಕೆಲವರಲ್ಲಿ ಸೋರಿದ ಗಾಳಿ ಚರ್ಮದ ಕೆಳಗೂ ಹರಡುತ್ತದೆ. ಕತ್ತು, ಎದೆ ಊದಿಕೊಳ್ಳುತ್ತದೆ. ಬೆರಳಿಟ್ಟು ಒತ್ತಿದರೆ ಒಣಗಿದ ತರಗೆಲೆ ಒತ್ತಿದ ಹಾಗೆ ಚರಚರ ಅನ್ನುತ್ತದೆ. ಎಣ್ಣೆ ನೀವುವಾಗ ಹಾಗೆ ಅನ್ನಿಸಿದರೆ ನೀವುವುದನ್ನು ಅಲ್ಲಿಗೇ ಬಿಟ್ಟು ಹೊರಡಿ. ಹಳ್ಳಿಯಲ್ಲಿರುವ ನನ್ನ ನೆಂಟರಿಗೆಲ್ಲ ನಾನು ಹೇಳಿಟ್ಟಿರುವ ಮಾತು ಇದು.

ಎಲ್ಲಕ್ಕಿಂತ ಭಯದ್ದು ಟೆನ್ಷನ್ ನ್ಯೂಮೋಥೊರಾಕ್ಸ್. ಹರಿದ ಜಾಗ ಒಂದೇ ಕಡೆ ತೆರೆಯುವ ಬಾಗಿಲಾಗಿ ಬಿಡುತ್ತದೆ. ಪ್ರತಿ ಉಸಿರಿಗೂ ಗಾಳಿ ಶ್ವಾಸಕೋಶದಿಂದ ಪೊರೆಗಳ ನಡುವೆ ಸೋರುತ್ತದೆ, ವಾಪಸ್ ಹೋಗುವುದಿಲ್ಲ. ಒತ್ತಡ ಏರಿ ಹೃದಯವನ್ನೂ ದೊಡ್ಡ ರಕ್ತನಾಳಗಳನ್ನೂ ಎದೆಯ ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಹೃದಯಕ್ಕೆ ರಕ್ತ ವಾಪಸ್ ಬರುವುದು ಕಮ್ಮಿಯಾಗುತ್ತದೆ, ಬಿಪಿ ಬೀಳುತ್ತದೆ. ರೋಗಿ ಚಡಪಡಿಸುತ್ತಾರೆ, ತುಟಿ ನೀಲಿಯಾಗುತ್ತದೆ, ಕತ್ತಿನ ರಕ್ತನಾಳ ಉಬ್ಬಬಹುದು. ಆಗ ಎಕ್ಸ್‌ರೇಗೆ ಕಾಯುವ ಹಾಗಿಲ್ಲ. ಸ್ಟೆತಸ್ಕೋಪ್ ಇಟ್ಟು ಒಂದು ಕಡೆ ಉಸಿರೇ ಕೇಳುತ್ತಿಲ್ಲ ಅಂತ ಗೊತ್ತಾದ ಕೂಡಲೇ ದಪ್ಪ ಸೂಜಿ ಚುಚ್ಚಿ ಗಾಳಿ ಬಿಡುತ್ತಾರೆ. ಮೊದಲೆಲ್ಲ ಈ ಸೂಜಿಯನ್ನು ಕೊರಳಮೂಳೆಯ ಕೆಳಗೆ, ಎರಡನೇ ಮತ್ತು ಮೂರನೇ ಪಕ್ಕೆಲುಬಿನ ನಡುವೆ ಹಾಕುತ್ತಿದ್ದರು. ಕೆಲವರ ಎದೆಗೋಡೆ ಅಲ್ಲಿ ದಪ್ಪ ಇರುತ್ತದೆ, ಸೂಜಿ ಒಳಗೆ ತಲುಪುವುದೇ ಇಲ್ಲ. ಅದಕ್ಕೇ ಅಪಘಾತ ಚಿಕಿತ್ಸೆಯ ಎಟಿಎಲ್ಎಸ್ ಪಾಠದ 2018ರ ಹತ್ತನೇ ಆವೃತ್ತಿಯಲ್ಲಿ ದೊಡ್ಡವರಿಗೆ ಕಂಕುಳಿನ ಕೆಳಗಿನ ನಾಲ್ಕನೇ ಅಥವಾ ಐದನೇ ಸಂದನ್ನು ಸೂಚಿಸಿದರು. ಸೂಜಿಯಿಂದ ಸಿಗುವುದು ಸ್ವಲ್ಪ ಸಮಯ ಮಾತ್ರ. ಬೆನ್ನಿಗೇ ಪೈಪ್ ಹೋಗಬೇಕು.

ಇಂಥ ರೋಗಿಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ದೂರದ ಊರಿಗೆ ಹೊರಡುವ ಬದಲು 108ಕ್ಕೆ ಫೋನ್ ಮಾಡಿ. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿ ಇರುವ ಸೇವೆ ಅದು. ಆಂಬುಲೆನ್ಸಿನಲ್ಲಿ ಆಕ್ಸಿಜನ್ ಇರುತ್ತದೆ. ಮರದಿಂದ ಬಿದ್ದವರಿಗೆ ಬೆನ್ನುಮೂಳೆಗೂ ಪೆಟ್ಟಾಗಿರಬಹುದು, ಅವರನ್ನು ಎಳೆದು ಕೂರಿಸಬೇಡಿ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕಾಟ ಅಂತ ಹೆದರುವವರು ಇನ್ನೂ ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ಇಷ್ಟವಿಲ್ಲದಿದ್ದರೆ ಹೆಸರೂ ಹೇಳಬೇಕಾಗಿಲ್ಲ.

ಇನ್ನು ಪೈಪಿನ ವಿಷಯ. ವಾರ್ಡಿನಲ್ಲಿ ಎಲ್ಲರೂ ಐಸಿಡಿ ಅಂತಾರೆ. ಜಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಂಕುಳಿನ ಕೆಳಗೆ ಸಣ್ಣಗೆ ಕೊಯ್ದು, ಬೆರಳು ಹಾಕಿ ದಾರಿ ನೋಡಿಕೊಂಡು ಪೈಪ್ ಒಳಗೆ ಬಿಡುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳ, ನರ ಹರಿಯುತ್ತವೆ. ಅದಕ್ಕೇ ಪೈಪ್ ಯಾವಾಗಲೂ ಕೆಳಗಿನ ಎಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು. ಪೆಟ್ಟು ತಿಂದವರಿಗೆ ಸಾಮಾನ್ಯವಾಗಿ 28ರಿಂದ 32 ಫ್ರೆಂಚ್ ಅಳತೆಯದು ಹಾಕುತ್ತಾರೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಬರೀ ಗಾಳಿ ಇದ್ದರೆ ಈಗ ಕೆಲವು ಕಡೆ 14 ಫ್ರೆಂಚಿನ ತೆಳು ಪೈಪ್ ಹಾಕುತ್ತಾರೆ. ನೋವು ಕಮ್ಮಿ. ಅದು ಇನ್ನೂ ಜಾಸ್ತಿ ಕಡೆ ಬಳಕೆಗೆ ಬರಲಿ ಅನ್ನುವುದು ನನ್ನ ಆಸೆ.

ಪೈಪ್ ಹಾಕಿದರೆ ಮುಂದೆ ದೊಡ್ಡ ಆಪರೇಷನ್ ಗ್ಯಾರಂಟಿ ಅಂತ ತುಂಬ ಜನ ನಂಬಿದ್ದಾರೆ. ಹಾಗೇನಿಲ್ಲ. ಹೀಗೆ ಎದೆಗೆ ಪೆಟ್ಟಾದವರಲ್ಲಿ ಎದೆ ತೆರೆದು ಆಪರೇಷನ್ ಬೇಕಾಗುವುದು 100ರಲ್ಲಿ 10 ಜನಕ್ಕೂ ಕಮ್ಮಿ. ಪೈಪ್ ಹಾಕಿದ ಕೂಡಲೇ ಒಂದೂವರೆ ಲೀಟರಿನಷ್ಟು ರಕ್ತ ಬಂದರೆ, ಅಥವಾ ಆಮೇಲೆ ಗಂಟೆಗೆ 200 ಎಂಎಲ್‌ನಂತೆ ಎರಡು ಮೂರು ಗಂಟೆ ಬರುತ್ತಲೇ ಇದ್ದರೆ ಸರ್ಜನ್ ಆಪರೇಷನ್ ಯೋಚನೆ ಮಾಡುತ್ತಾರೆ. ಅದಕ್ಕೇ ನಾವು ಬಾಟಲಿನ ಮೇಲೆ ಟೇಪ್ ಅಂಟಿಸಿ, ಗೆರೆ ಎಳೆದು, ಟೈಮ್ ಬರೆಯುತ್ತೇವೆ.

ಬಾಟಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದರ ಮೇಲೆ ನನಗೆ ಪ್ರೀತಿ ಇದೆ.

ಮಂಚದ ಕೆಳಗೆ ಒಂದು ಬಾಟಲ್, ಅದರಲ್ಲಿ ನೀರು. ಎದೆಯಿಂದ ಬಂದ ಪೈಪಿನ ತುದಿ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿರುತ್ತದೆ. ರೋಗಿ ಉಸಿರು ಬಿಟ್ಟಾಗ, ಕೆಮ್ಮಿದಾಗ ಎದೆಯೊಳಗೆ ಸಿಕ್ಕಿಕೊಂಡ ಗಾಳಿ ನೀರಿನಿಂದ ಗುಳ್ಳೆಯಾಗಿ ಹೊರಗೆ ಬರುತ್ತದೆ. ಉಸಿರು ಎಳೆದಾಗ ಹೊರಗಿನ ಗಾಳಿ ಒಳಗೆ ನುಗ್ಗಲು ನೀರು ಬಿಡುವುದಿಲ್ಲ. ಪೈಪಿನಲ್ಲಿ ನೀರು ಸ್ವಲ್ಪ ಮೇಲೇರುತ್ತದೆ ಅಷ್ಟೇ. ಕರೆಂಟ್ ಬೇಡ, ಮೆಷಿನ್ ಬೇಡ. ಜರ್ಮನಿಯ ಹ್ಯಾಂಬರ್ಗಿನ ಗಾಟ್‌ಹಾರ್ಡ್ ಬ್ಯೂಲಾವ್ ಅನ್ನುವ ಡಾಕ್ಟರ್ 1875ರ ಸುಮಾರಿಗೆ ಎದೆಯಲ್ಲಿ ಕೀವು ತುಂಬಿದವರಿಗೆ ಹೀಗೆ ಮಾಡಿದರು. ಆದರೆ ಎಲ್ಲರೂ ಅದನ್ನು ಒಪ್ಪಲಿಲ್ಲ. 1918ರ ಫ್ಲೂ ಹೊತ್ತಿನಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ಎದೆಯ ಕೀವು ತೆಗೆಯಲು ಪಕ್ಕೆಯನ್ನು ತೆರೆದೇ ಬಿಡುತ್ತಿದ್ದರು. ಹೊರಗಿನ ಗಾಳಿ ನುಗ್ಗಿ, ಮೊದಲೇ ಸೋತಿದ್ದ ಶ್ವಾಸಕೋಶ ಕುಗ್ಗಿ, ಎಷ್ಟೋ ಹುಡುಗರು ಸತ್ತರು. ಎವರ್ಟ್ಸ್ ಗ್ರಹಾಂ ಅನ್ನುವ ಸರ್ಜನ್ ಇದ್ದ ತಂಡ ಕಾರಣ ಹುಡುಕಿ, ಗಾಳಿ ಒಳಗೆ ಬಿಡದೆ ಕೀವು ತೆಗೆಯಬೇಕು ಅಂತ ತೋರಿಸಿಕೊಟ್ಟಿತು. ಸಾವು ಕಮ್ಮಿಯಾಯಿತು. ಆ ತಿಳಿವಳಿಕೆಗೆ ತೆತ್ತ ಬೆಲೆ ದೊಡ್ಡದು. ನಮ್ಮ ಬಾಟಲಿಗೆ ನೀರು ತುಂಬುವಾಗ ನನಗೆ ಆ ಹುಡುಗರು ನೆನಪಾಗುವುದುಂಟು.

ಮೊದಲ ದಿನ ಗುಳ್ಳೆ ನೋಡಿ ಮನೆಯವರು ಓಡಿ ಬರುತ್ತಾರೆ. "ಸಿಸ್ಟ್ರೇ, ನೀರು ಕುದೀತಾ ಅದೆ!" ಹೆದರಬೇಡಿ. ಒಳಗಿನ ಗಾಳಿ ಹೊರಗೆ ಬರುತ್ತಿದೆ, ಅದು ಬೇಕಾದ್ದೇ. ಆಮೇಲಾಮೇಲೆ ಗುಳ್ಳೆ ಕೆಮ್ಮಿದಾಗ ಮಾತ್ರ ಬರುತ್ತದೆ, ಕೊನೆಗೆ ನಿಲ್ಲುತ್ತದೆ. ಹರಿದ ಜಾಗ ಮುಚ್ಚಿಕೊಂಡಿದೆ ಅಂತ ತಿಳಿಯಬಹುದು. ದಿನಗಟ್ಟಲೆ ಜೋರಾಗಿ ಗುಳ್ಳೆ ಬರುತ್ತಲೇ ಇದ್ದರೆ ದೊಡ್ಡ ಶ್ವಾಸನಾಳ ಹರಿದಿದೆಯಾ ಅಂತ ನೋಡಬೇಕಾಗುತ್ತದೆ. ಗುಳ್ಳೆಗಿಂತ ನಾನು ಜಾಸ್ತಿ ನೋಡುವುದು ಪೈಪಿನ ನೀರು ಉಸಿರಿನ ಜೊತೆ ಮೇಲೆ ಕೆಳಗೆ ಆಡುವುದನ್ನು. ಅದು ಆಡುತ್ತಿದ್ದರೆ ಪೈಪ್ ತೆರೆದಿದೆ. ತಟ್ಟನೆ ನಿಂತರೆ ಎರಡರಲ್ಲಿ ಒಂದು. ಶ್ವಾಸಕೋಶ ಪೂರ್ತಿ ಅರಳಿ ಪೈಪಿನ ಬಾಯಿಗೆ ಒತ್ತಿಕೊಂಡಿದೆ. ಇಲ್ಲವೇ ಪೈಪ್ ಎಲ್ಲೋ ಮಡಚಿದೆ, ರಕ್ತ ಹೆಪ್ಪುಗಟ್ಟಿ ಕಟ್ಟಿದೆ. ಎಷ್ಟೋ ಸಲ ರೋಗಿಯೇ ಅದರ ಮೇಲೆ ಮಲಗಿರುತ್ತಾರೆ.

ಬಾಟಲನ್ನು ಎದೆಗಿಂತ ಮೇಲೆ ಎತ್ತಬಾರದು. ಎತ್ತಿದರೆ ಅದರ ನೀರು ಎದೆಯೊಳಗೆ ವಾಪಸ್ ಹೋಗುತ್ತದೆ. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಸ್ಟ್ರೆಚರ್ ಮೇಲೆ, ರೋಗಿಯ ಹೊಟ್ಟೆ ಮೇಲೆ ಬಾಟಲ್ ಇಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ, ಒಡೆದು ಹೋದೀತು ಅನ್ನುವ ಭಯದಿಂದ. ಇನ್ನೊಂದು ತಪ್ಪು, ಸಾಗಿಸುವಾಗ "ಸೋರದೆ ಇರಲಿ" ಅಂತ ಪೈಪ್ ಮಡಚಿ ಹಿಡಿಯುವುದು. ಗುಳ್ಳೆ ಬರುತ್ತಿರುವಾಗ ಪೈಪ್ ಬಿಗಿದರೆ ಗಾಳಿ ಮತ್ತೆ ಒಳಗೇ ಸೇರಿ ಆ ಟೆನ್ಷನ್ ಸ್ಥಿತಿ ಬರಬಹುದು. ಬಾಟಲ್ ಒಡೆದರೆ ಪೈಪಿನ ತುದಿಯನ್ನು ತಕ್ಷಣ ಇನ್ನೊಂದು ಶುದ್ಧ ನೀರಿನ ಬಾಟಲಿಗೆ ಮುಳುಗಿಸಿ, ನಮ್ಮನ್ನು ಕೂಗಿ. ಇದನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮಂಚಕ್ಕೂ ನೇತು ಹಾಕಬೇಕು. ನಮ್ಮ ವಾರ್ಡಿನಲ್ಲಿ ನಾನೇ ಬರೆದು ಹಾಕಿದ್ದೇನೆ.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ನಮ್ಮ ಜನಕ್ಕೆ ಕಾಯಿಲೆ ಅಂದರೆ ಮಲಗುವುದು. ತಾಯಿ ಮಗನ ತಲೆ ಸವರುತ್ತಾ "ಅಲ್ಲಾಡ್‌ಬ್ಯಾಡ ಕಣಪ್ಪ, ಸುಮ್ಕೆ ಮನೀಕೊ" ಅನ್ನುತ್ತಾಳೆ. ಆ ಮಾತಿನಲ್ಲಿ ಇರುವ ಅಕ್ಕರೆ ನನಗೆ ಗೊತ್ತು. ಆದರೆ ಪಕ್ಕೆ ಮುರಿದು ಶ್ವಾಸಕೋಶ ಕುಗ್ಗಿದವರಿಗೆ ಸುಮ್ನೆ ಮಲಗುವುದೇ ಅಪಾಯ. ನೋವಿಗೆ ಹೆದರಿ ಸಣ್ಣ ಸಣ್ಣ ಉಸಿರು ಎಳೆಯುತ್ತಾರೆ. ಕೆಮ್ಮು ಬಂದರೆ ನುಂಗುತ್ತಾರೆ. ಶ್ವಾಸಕೋಶದ ತಳಭಾಗ ಅರಳುವುದಿಲ್ಲ, ಅಲ್ಲಿ ಕಫ ನಿಲ್ಲುತ್ತದೆ, ಆಮೇಲೆ ನ್ಯುಮೋನಿಯಾ. ವಯಸ್ಸಾದವರಲ್ಲಿ, ಅದರಲ್ಲೂ ಮುರಿದ ಪಕ್ಕೆಲುಬುಗಳು ಜಾಸ್ತಿ ಇದ್ದರೆ, ಮೊದಲ ಪೆಟ್ಟಿಗಿಂತ ಈ ನ್ಯುಮೋನಿಯಾ ಜೀವ ತೆಗೆಯುವುದೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಮಂಡ್ಯದ ಕಡೆಯ ಒಬ್ಬ ಅಜ್ಜಿ ಇದ್ದರು. ಹಸು ಒದ್ದಿತ್ತು. ನೋವು ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಿದ್ದರು. ಜೀವನ ಪೂರ್ತಿ ನೋವು ಹೇಳಿಕೊಳ್ಳದೆ ಬದುಕಿದವರು. ನಾನು ಪ್ರಶ್ನೆ ಬದಲಿಸಿದೆ. "ಅವ್ವ, ಒಂದ್ಸಲ ಜೋರಾಗಿ ಕೆಮ್ಮಿ" ಅಂದೆ. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅರಿವಳಿಕೆ ಡಾಕ್ಟರ್ ಬಂದು ಬೆನ್ನಿನ ಪಕ್ಕದ ಸ್ನಾಯುವಿನ ಕೆಳಗೆ ಮರಗಟ್ಟುವ ಔಷಧಿ ಹಾಕಿದರು. 2016ರಲ್ಲಿ ಮೊದಲು ಪ್ರಕಟವಾದ ವಿಧಾನ ಇದು, ಸ್ಕ್ಯಾನ್ ನೋಡಿಕೊಂಡು ಹಾಕುತ್ತಾರೆ. ಸಂಜೆ ಹೊತ್ತಿಗೆ ಆ ಅಜ್ಜಿ ಎದ್ದು ಕೂತು, ಕೆಮ್ಮಿ, ಕಫ ಉಗುಳಿದರು. ನನಗೆ ಆದ ಖುಷಿ ಹೇಳತೀರದು. ಅಂದಿನಿಂದ ನಾನು ಎಲ್ಲರಿಗೂ ಕೆಮ್ಮಲು ಹೇಳಿಯೇ ನೋವು ಅಳೆಯುವುದು.

"ನೋವಿನ ಮಾತ್ರೆ ಜಾಸ್ತಿ ಆದ್ರೆ ಕಿಡ್ನಿ ಹೋಗ್ತದೆ" ಅಂತ ಮಾತ್ರೆ ಬಚ್ಚಿಡುವವರಿದ್ದಾರೆ. ಕಿಡ್ನಿಗೆ ತೊಂದರೆ ಕೊಡುವ ಮಾತ್ರೆಗಳು ಇರುವುದು ನಿಜ. ಡಾಕ್ಟರ್ ಅದನ್ನು ನೋಡಿಯೇ ಬರೆದಿರುತ್ತಾರೆ, ಅನುಮಾನ ಇದ್ದರೆ ಕೇಳಿ. ಆದರೆ ಈ ನೋವನ್ನು ಸಹಿಸಿಕೊಳ್ಳುವುದು ದೊಡ್ಡತನ ಅಂತ ದಯವಿಟ್ಟು ತಿಳಿಯಬೇಡಿ. ನೋವು ತಗ್ಗಿದರೆ ಉಸಿರು ಆಳಕ್ಕೆ ಹೋಗುತ್ತದೆ. ಉಸಿರು ಆಳಕ್ಕೆ ಹೋದರೆ ಶ್ವಾಸಕೋಶ ಅರಳುತ್ತದೆ. ಎದೆ ಸುತ್ತ ಬಿಗಿ ಪಟ್ಟಿ ಬೇಡ ಅನ್ನುವುದೂ ಇದಕ್ಕೇ. ಪಟ್ಟಿ ನೋವಿಗೆ ಹಿತ ಅನ್ನಿಸಬಹುದು, ಉಸಿರಿಗೆ ಕಟ್ಟು ಹಾಕುತ್ತದೆ.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿರುತ್ತಾರೆ. ಹೆಚ್ಚಿನವರು ಅದನ್ನು ಊದುತ್ತಾರೆ. ಊದಬಾರದು, ಎಳೆಯಬೇಕು. ಬಾಯಿಯಿಂದ ನಿಧಾನವಾಗಿ ಎಳೆದು, ಚೆಂಡು ಮೇಲೆ ನಿಂತಿರುವಷ್ಟು ಹೊತ್ತು ಹಿಡಿದು, ಬಿಡಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲದ ಹಾಗೆ. ಕೆಮ್ಮುವಾಗ ಮಡಚಿದ ಟವೆಲ್ಲನ್ನು ಪೆಟ್ಟಿನ ಜಾಗಕ್ಕೆ ಒತ್ತಿ ಹಿಡಿದುಕೊಂಡರೆ ನೋವು ಕಮ್ಮಿ. ಬೆನ್ನುಮೂಳೆಗೆ ಏನೂ ಆಗಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಎದ್ದು ಕೂರಬೇಕು, ಬಾಟಲನ್ನು ಕೈಯಲ್ಲಿ ತೂಗುಬಿಟ್ಟುಕೊಂಡು ವಾರ್ಡಿನಲ್ಲಿ ನಡೆಯಬೇಕು. ಭಾನುವಾರ, ಹಬ್ಬದ ದಿನ ಫಿಸಿಯೋಥೆರಪಿಯವರು ಬರುವುದಿಲ್ಲ. ಆ ದಿನ ಮಗನೋ ಸೊಸೆಯೋ ಚೆಂಡು ಎಣಿಸಿದರೆ ಸಾಕು. ಬಂದವರಿಗೆಲ್ಲ ನಾನು ಇದನ್ನು ಕಲಿಸುತ್ತೇನೆ. ಹಣ್ಣು, ಎಳನೀರು ತರುವುದಕ್ಕಿಂತ ಇದು ದೊಡ್ಡ ಉಪಕಾರ.

ಎಲ್ಲರಿಗೂ ಪೈಪ್ ಬೇಕಾಗುವುದಿಲ್ಲ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಕಾಣದ ಸ್ವಲ್ಪ ಗಾಳಿ ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಉಸಿರು, ಬಿಪಿ ಸರಿ ಇದ್ದರೆ ಸುಮ್ನೆ ಗಮನಿಸುತ್ತಾರೆ. ಕೆಲವು ಗಂಟೆ ಬಿಟ್ಟು ಮತ್ತೆ ಎಕ್ಸ್‌ರೇ. ಗಾಳಿಯನ್ನು ದೇಹ ತಾನೇ ಹೀರಿಕೊಳ್ಳುತ್ತದೆ. "ಏನೂ ಮಾಡ್ತಿಲ್ಲ, ಬರೀ ಎಕ್ಸ್‌ರೇ ತೆಗೀತಾರೆ" ಅಂತ ಬೇಜಾರಾಗಿ ಬೇರೆ ಆಸ್ಪತ್ರೆಗೆ ಹೋಗಬೇಡಿ. ಕಾಯುವುದೇ ಇಲ್ಲಿ ಚಿಕಿತ್ಸೆ. ಒಂದು ಎಚ್ಚರಿಕೆ ಮಾತ್ರ. ಇಂಥವರಿಗೆ ಕಾಲು ಮುರಿದು ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಎದೆಯ ಪೆಟ್ಟಿನ ವಿಷಯ ಹೇಳಲೇಬೇಕು. ಮೆಷಿನ್ ಒತ್ತಿ ಕೊಡುವ ಉಸಿರಿನಿಂದ ಸಣ್ಣ ಸೋರಿಕೆ ದೊಡ್ಡದಾಗಬಹುದು.

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಹಳೆಯ ಪಿಕೆಟಿಬಿ ಕ್ಷಯ ಆಸ್ಪತ್ರೆ ಇದೆಯಲ್ವಾ, ಈಗ ಅದೇ ಆವರಣದಲ್ಲಿ ಟ್ರಾಮಾ ಸೆಂಟರೂ ಇದೆ. ಆ ಕಡೆ ಹೋದಾಗಲೆಲ್ಲ ನನಗೊಂದು ವಿಷಯ ನೆನಪಾಗುತ್ತದೆ. ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಲೋಕದ ಎಷ್ಟೋ ಕ್ಷಯ ಆಸ್ಪತ್ರೆಗಳಲ್ಲಿ ಸೂಜಿಯಿಂದ ಎದೆಗೆ ಗಾಳಿ ತುಂಬಿ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸುತ್ತಿದ್ದರು. ಕಾರ್ಲೋ ಫೋರ್ಲಾನಿನಿ ಅನ್ನುವ ಇಟಲಿಯ ಡಾಕ್ಟರ್ 1882ರಲ್ಲಿ ಇದನ್ನು ಸೂಚಿಸಿದ್ದರು. ರೋಗ ತಗುಲಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವ ಯೋಚನೆ. 1940ರ ದಶಕದ ಕೊನೆಗೆ ಸ್ಟ್ರೆಪ್ಟೊಮೈಸಿನ್ ಬಂತು, ಆಮೇಲೆ ಬೇರೆ ಮಾತ್ರೆಗಳೂ ಬಂದವು, ಆ ಪದ್ಧತಿ ಹೋಯಿತು. ಕುಗ್ಗಿಸಿದ ಶ್ವಾಸಕೋಶ ತಿಂಗಳುಗಟ್ಟಲೆ ಕಳೆದು ಮತ್ತೆ ಅರಳುತ್ತಿತ್ತು. ಹೆದರಿ ಕೂತ ಹೆಂಡತಿಗೆ ಧೈರ್ಯ ಹೇಳುವಾಗ ನಾನು ಇದನ್ನು ಹೇಳುತ್ತೇನೆ. ಶ್ವಾಸಕೋಶ ಒಂದು ಸಲ ಮುದುಡಿದರೆ ಮುಗಿಯಿತು ಅಂತೇನೂ ಇಲ್ಲ.

ಗುಳ್ಳೆ ನಿಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿ, ದಿನಕ್ಕೆ ಬರುವ ದ್ರವ ತೀರಾ ಕಮ್ಮಿಯಾದರೆ ಪೈಪ್ ತೆಗೆಯುತ್ತಾರೆ. ಉಸಿರು ಬಿಗಿಹಿಡಿಯಲು ಹೇಳಿ, ಒಂದೇ ಎಳೆತಕ್ಕೆ ತೆಗೆದು, ಗಾಳಿಯಾಡದ ಹಾಗೆ ಡ್ರೆಸ್ಸಿಂಗ್ ಹಾಕುತ್ತಾರೆ. ಆಮೇಲೆ ಇನ್ನೊಂದು ಎಕ್ಸ್‌ರೇ. ಸುಸ್ತು, ತಲೆಸುತ್ತು ಅನ್ನಿಸಿದರೆ ಮುಚ್ಚಿಡಬೇಡಿ.

ಮನೆಗೆ ಹೋದ ಮೇಲೆ ಬೀಡಿ, ಸಿಗರೇಟು ಬೇಡ. ಪಕ್ಕೆಲುಬು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಗೊಬ್ಬರದ ಮೂಟೆ, ಕಬ್ಬಿನ ಹೊರೆ ಬೇಡ. ಆದರೆ ನಡೆಯುವುದು, ಚೆಂಡು ಎಳೆಯುವುದು ಬಿಡಬಾರದು. ವಿಮಾನ ಹತ್ತುವ ಮುಂಚೆ ಡಾಕ್ಟರನ್ನು ಕೇಳಿ. ಮೇಲೆ ಹೋದಂತೆ ಒತ್ತಡ ಕಮ್ಮಿಯಾಗಿ ಒಳಗೆ ಉಳಿದ ಗಾಳಿ ಹಿಗ್ಗುತ್ತದೆ. ಎಕ್ಸ್‌ರೇ ಸರಿಯಾದ ಮೇಲೂ ಕನಿಷ್ಠ ಒಂದೆರಡು ವಾರ ಕಾಯಲು ಹೇಳುತ್ತಾರೆ. ಮತ್ತೆ ಉಸಿರು ಕಟ್ಟಿದರೆ, ಒಂದು ಪಕ್ಕ ಚುಚ್ಚಿದರೆ, ಜ್ವರ ಬಂದರೆ, ಪೈಪ್ ಇದ್ದ ಜಾಗದಲ್ಲಿ ಕೀವು ಕಂಡರೆ ಬರಲು ಹೇಳಿದ ತಾರೀಖಿಗೆ ಕಾಯಬೇಡಿ. ಅಂದೇ ಬನ್ನಿ. ಬರುವಾಗ ಡಿಸ್ಚಾರ್ಜ್ ಚೀಟಿ ಮತ್ತು ಕೊನೆಯ ಎಕ್ಸ್‌ರೇ ತನ್ನಿ. ಹೊಸ ಎಕ್ಸ್‌ರೇಯನ್ನು ಅದರ ಪಕ್ಕ ಇಟ್ಟು ನೋಡಬೇಕಾಗುತ್ತದೆ.